ಸುಣ್ಣ ಹೊಸದಿರಲಿ

ರೋಹಿಣಿ ಮಳೆ ಹುಟ್ಟಲು ಇನ್ನು ಎರಡು ದಿನ. ಮಲೆನಾಡಿನ ನಮ್ಮ ಸಾಗರದ ಕಡೆ ಈಗ ಯಾರ ಮನೆಗೆ ಫೋನ್ ಮಾಡಿದರೂ ಒಂದೇ ಮಾತು: "ಕೊನೆಗಾರ ಸಿಕ್ಕಿದನಾ?" ಅಡಿಕೆ ಮರ ಹತ್ತಿ ಮದ್ದು ಹೊಡೆಯುವವನು ಕೊನೆಗಾರ. ಮದುವೆಮನೆಯ ಊಟದ ಪಂಕ್ತಿಯಲ್ಲೂ ಅದೇ ಮಾತು. ಪಾಯಸ ಬಡಿಸುವ ಹೊತ್ತಿಗೆ ಪಕ್ಕದವರು ಮೆಲ್ಲಗೆ, "ನಿಮ್ಮವನನ್ನ ಎರಡು ದಿನ ನಮ್ಮನೆಗೂ ಕಳಿಸ್ತೀರಾ?" ಎಂದು ಕೇಳುತ್ತಾರೆ. ಮರ ಹತ್ತುವವರು ಕಡಿಮೆ, ತೋಟ ಜಾಸ್ತಿ. ಹಾಗಾಗಿ ಎಲ್ಲರ ಚಿಂತೆಯೂ ಮರದ ತುದಿಯಲ್ಲಿರುತ್ತದೆ. ಕೆಳಗೆ ನೆಲದ ಮೇಲಿರುವ ನೀಲಿ ಡ್ರಮ್ಮಿನ ಬಗ್ಗೆ ಯಾರೂ ಕೇಳುವುದಿಲ್ಲ.

ನಾನು ಆ ಡ್ರಮ್ಮಿನವಳು. ನಮಗಿರುವುದು ಒಂದೂವರೆ ಎಕರೆ ತೋಟ, ಎಂಟುನೂರು ಚಿಲ್ಲರೆ ಅಡಿಕೆ ಮರ. ಮನೆಯವರಿಗೆ ಬೆನ್ನುನೋವು ಶುರುವಾದ ಮೇಲೆ ಕೊಳೆಮದ್ದು ಕಲಸುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಂತೆ ಹೊಡೆಯುವ ಮದ್ದು ಅದು; ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣವನ್ನು ನೀರಿನಲ್ಲಿ ಕಲಸಿ ಮಾಡುವುದು. ಹನ್ನೊಂದು ವರ್ಷವಾಯಿತು. ಅದರಲ್ಲಿ ಒಂದು ವರ್ಷ ಕೆಡಿಸಿದ್ದೇನೆ. ಇವತ್ತು ಬರೆಯಲು ಕೂತಿರುವುದು ಆ ಒಂದು ವರ್ಷದ ಕಾರಣಕ್ಕೆ.

ಆ ಸಲ ಹಿಂದಿನ ವರ್ಷದ ಸುಣ್ಣ ಅರ್ಧ ಚೀಲ ಉಳಿದಿತ್ತು. ಕೊಟ್ಟಿಗೆಯ ಅಟ್ಟದ ಮೇಲೆ ಬಾಯಿ ಕಟ್ಟಿ ಇಟ್ಟಿದ್ದೆ. ತೆಗೆದು ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಬೆಳ್ಳಗೆ, ನುಣ್ಣಗೆ, ರಂಗೋಲಿ ಪುಡಿಯ ಹಾಗೆ. ದುಡ್ಡು ಉಳಿಯಿತಲ್ಲ ಎಂದು ಖುಷಿಯಾಯಿತು. ಉಳಿದದ್ದಾದರೂ ಎಷ್ಟು? ಒಂದು ಸಂತೆಯ ತರಕಾರಿ ದುಡ್ಡು. ಬೆಳಿಗ್ಗೆ ಮದ್ದು ಕಲಸಿ ಕತ್ತಿ ಅದ್ದಿ ನೋಡಿದೆ. ಅಲಗಿನ ಮೇಲೆ ಕೆಂಪು ಕೂತಿತು, ಅಂದರೆ ಸುಣ್ಣ ಸಾಲದು. ಅಷ್ಟರಲ್ಲಿ ಕೊನೆಗಾರ, "ಅಮ್ಮಾ, ಬೇಗ ಆಗ್ಲಿ, ಮೋಡ ಕಟ್ತಾ ಇದೆ" ಎಂದ. ಇನ್ನೊಂದು ಹಿಡಿ ಸುಣ್ಣ ಹಾಕಿ ಕಲಕಿದೆ. ಮತ್ತೆ ಕತ್ತಿ ಅದ್ದಲಿಲ್ಲ. ಹಾಗೇ ಹೊಡೆಯಲು ಹೇಳಿಬಿಟ್ಟೆ.

ಜುಲೈ ಹತ್ತರ ಹೊತ್ತಿಗೆ ತೋಟದಲ್ಲಿ ಕಾಲಿಗೆ ಹಸಿ ಕಾಯಿ ಸಿಗತೊಡಗಿತು. ತೊಟ್ಟು ಮೇಲೆಯೇ ಉಳಿದು ಕಾಯಿ ಮಾತ್ರ ಕಳಚಿ ಬಿದ್ದದ್ದು. ಮೈಮೇಲೆ ನೀರು ಕುಡಿದಂಥ ಕಡುಹಸಿರು ಕಲೆ. ಎರಡು ದಿನ ಕಳೆದರೆ ಹತ್ತಿಯ ಹಾಗೆ ಬಿಳಿ ಬೂಷ್ಟು. ಮೂರರಲ್ಲಿ ಒಂದು ಪಾಲು ಫಸಲು ನೆಲಕ್ಕೆ ಹೋಯಿತು. ಬಂದವರೆಲ್ಲ "ಈ ವರ್ಷ ಮಳೆ ಜಾಸ್ತಿ ಬಿಡಿ" ಎಂದರು. ನಾನೂ ಹೂಂ ಎಂದೆ. ಆದರೆ ಪಕ್ಕದ ತೋಟಕ್ಕೂ ಅದೇ ಮಳೆ ಬಂದಿತ್ತು. ಅವರ ಕಾಯಿ ಮರದಲ್ಲೇ ಇತ್ತು.

ಸುಣ್ಣ ಗಾಳಿಗೆ ಸಾಯುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು. ಸುಟ್ಟ ಸುಣ್ಣ ಮೊದಲು ಗಾಳಿಯ ತೇವ ಎಳೆದುಕೊಂಡು ಪುಡಿಯಾಗುತ್ತದೆ. ಆಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬರೀ ಸೀಮೆಸುಣ್ಣದಂಥ ಪದಾರ್ಥವಾಗುತ್ತದೆ. ನೋಡಲು ಅದೇ ಬಿಳಿ, ತೂಕಕ್ಕೆ ಅದೇ ಕಿಲೋ. ಆದರೆ ಮೈಲುತುತ್ತಿನ ಹುಳಿಯನ್ನು ತಣಿಸುವ ಶಕ್ತಿ ಹೋಗಿರುತ್ತದೆ. ಹುಳಿ ಉಳಿದ ಮದ್ದು ಎಳೆಕಾಯಿಯನ್ನೂ ಸಿಂಗಾರವನ್ನೂ (ಅಡಿಕೆಯ ಹೂಗೊಂಚಲು) ಸುಡುತ್ತದೆ. ಕಾಯಿಗೆ ಅಂಟಿ ನಿಲ್ಲುವುದಿಲ್ಲ, ಎರಡು ಜಡಿಮಳೆಗೆ ತೊಳೆದು ಹೋಗುತ್ತದೆ. ಹಾಗಾಗಿ ಚೀಲದಲ್ಲಿ ಪುಡಿಯಾಗಿ ಬಂದ ಸುಣ್ಣಕ್ಕಿಂತ ಗಟ್ಟಿ ಹರಳು ಸುಣ್ಣ ನನಗೆ ಇಷ್ಟ. ಒಂದು ಹರಳು ತೆಗೆದು ನೀರು ಚಿಮುಕಿಸಿ. ಸೊಂಯ್ ಎಂದು ಬಿಸಿಯಾಗಿ ಒಡೆದು ಅರಳಿದರೆ ಜೀವವಿದೆ. ಸುಮ್ನೆ ಒದ್ದೆಯಾಗಿ ಕೂತರೆ ಅದನ್ನು ಗೋಡೆಗೂ ಬಳಿಯಬೇಡಿ. ಬೇಕಾದಷ್ಟೇ ತನ್ನಿ, ಹೊಡೆಯುವ ವಾರದಲ್ಲೇ ತನ್ನಿ. ಮಿಕ್ಕಿದ್ದು ತೋಟದ ಮಣ್ಣಿಗೆ ಹೋಗಲಿ, ಅಟ್ಟಕ್ಕೆ ಬೇಡ.

ಲೆಕ್ಕ ಎಲ್ಲರಿಗೂ ಗೊತ್ತು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಶೇಕಡ 1ರ ಬೋರ್ಡೋ ದ್ರಾವಣ ಎನ್ನುವುದು ಇದಕ್ಕೇ. ಎಡವುವುದು ಕಲಸುವ ಕ್ರಮದಲ್ಲಿ. ನಾನು 200 ಲೀಟರಿನ ಡ್ರಮ್ಮಿನಲ್ಲಿ ಮಾಡುತ್ತೇನೆ. ಹಿಂದಿನ ರಾತ್ರಿಯೇ ಎರಡು ಕಿಲೋ ತುತ್ತನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಸಣ್ಣ ಡ್ರಮ್ಮಿನ 100 ಲೀಟರ್ ನೀರಿನಲ್ಲಿ ಮೇಲುಮೇಲಕ್ಕೇ ಮುಳುಗುವ ಹಾಗೆ ಕೋಲಿಗೆ ತೂಗಿಬಿಡುತ್ತೇನೆ. ತಳಕ್ಕೆ ಸುರಿದರೆ ಕರಗುವುದೇ ಇಲ್ಲ. ಕರಗಿದ ನೀರು ಭಾರವಾಗಿ ಹರಳಿನ ಸುತ್ತಲೇ ನಿಂತುಬಿಡುತ್ತದೆ. ತೂಗಿಬಿಟ್ಟರೆ ಆ ಭಾರದ ನೀರು ತಾನಾಗಿ ಕೆಳಗಿಳಿಯುತ್ತದೆ, ಹೊಸ ನೀರು ಗಂಟಿಗೆ ತಾಗುತ್ತದೆ. ಬೆಳಗಾಗುವಾಗ ಗಂಟು ಬರಿದಾಗಿರುತ್ತದೆ, ನೀರು ನವಿಲಿನ ಕತ್ತಿನ ಹಾಗೆ ನೀಲಿ.

ಸುಣ್ಣವನ್ನು ಬೆಳಿಗ್ಗೆಯೇ ಅರಳಿಸಬೇಕು. ಮೊದಲು ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಅದಕ್ಕೆ ಹರಳನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಮುಖ ಹತ್ತಿರ ತರಬೇಡಿ. ಕುದಿಯುವ ಸುಣ್ಣ ಕಣ್ಣಿಗೆ ಸಿಡಿದರೆ ಆಟವಲ್ಲ. ಕೂಡಲೇ ತುಂಬ ನೀರಿನಲ್ಲಿ ತೊಳೆದು, ತೊಳೆಯುತ್ತಲೇ ಡಾಕ್ಟರ ಹತ್ತಿರ ಹೊರಡಬೇಕು. ಅದಕ್ಕೇ ನಾನು ಕನ್ನಡಕ ಹಾಕದೆ ಈ ಕೆಲಸ ಮಾಡುವುದಿಲ್ಲ. ನೋಡಿದವರು ನಗುತ್ತಾರೆ, ನಗಲಿ. ಅರಳಿದ ಸುಣ್ಣವನ್ನು ಹಳೇ ಪಂಚೆಯಲ್ಲಿ ಸೋಸಿ ದೊಡ್ಡ ಡ್ರಮ್ಮಿಗೆ ಹಾಕಿ 100 ಲೀಟರ್ ಮಾಡುತ್ತೇನೆ. ಸೋಸದಿದ್ದರೆ ಮರದ ತುದಿಯಲ್ಲಿ ನಾಝಲ್ ಕಟ್ಟಿಕೊಂಡು ಕೊನೆಗಾರನ ಬಾಯಿಂದ ಏನೇನೋ ಕೇಳಬೇಕಾಗುತ್ತದೆ.

ಇನ್ನು ಮುಖ್ಯವಾದದ್ದು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗಿಸಿ ಸುಣ್ಣವನ್ನು ತುತ್ತಿಗೆ ಸುರಿಯಬಾರದು. ಸಣ್ಣ ಧಾರೆಯಾಗಿ ಒಬ್ಬರು ಹೊಯ್ಯುತ್ತಿರಬೇಕು, ಇನ್ನೊಬ್ಬರು ಕೋಲಿನಿಂದ ಬಿಡದೆ ಕಲಕುತ್ತಿರಬೇಕು. ಸರಿಯಾದ ಮದ್ದು ತಿಳಿನೀಲಿಯಾಗಿ ಮೊಸರಿನ ಹಾಗೆ ನುಣ್ಣಗಿರುತ್ತದೆ, ಬೇಗ ತಳ ಹಿಡಿಯುವುದಿಲ್ಲ. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ಒಡೆದ ಹಾಲಿನ ಹಾಗೆ ಕೆಳಗೆ ಕೂರುತ್ತದೆ. ಅಂಥದ್ದು ಕಾಯಿಗೆ ಹಿಡಿಯುವುದಿಲ್ಲ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಲಿ. ಕಬ್ಬಿಣ, ತಗಡು, ಅಲ್ಯೂಮಿನಿಯಂ ಯಾವುದೂ ಬೇಡ, ತುತ್ತು ತಿಂದುಬಿಡುತ್ತದೆ. ಅತ್ತೆಯ ಕಾಲದಲ್ಲಿ ತಾಮ್ರದ ಹಂಡೆ ಇತ್ತಂತೆ.

ಕೊನೆಗೆ ಕತ್ತಿ. ಉಜ್ಜಿ ಬೆಳಗಿದ ಕಬ್ಬಿಣದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿಡಿ. ಸ್ಟೀಲ್ ಚಾಕು ಆಗುವುದಿಲ್ಲ. ಹಾಗೇ ಹೊಳೆಯುತ್ತಿದ್ದರೆ ಹೊಡೆಯಿರಿ. ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಹುಳಿ ಇದೆ ಎಂದರ್ಥ. ಸುಣ್ಣದ ತಿಳಿಯನ್ನು ಸ್ವಲ್ಪ ಸೇರಿಸಿ, ಕಲಕಿ, ಕತ್ತಿ ಉಜ್ಜಿ ಮತ್ತೆ ಅದ್ದಿ. ಮತ್ತೆ ಅದ್ದುವುದನ್ನೇ ನಾನು ಆ ದಿನ ಬಿಟ್ಟದ್ದು. ಈಗ ಹುಳಿ ಇದೆಯೇ ಎಂದು ತೋರಿಸುವ ಬಣ್ಣದ ಕಾಗದದ ಪಟ್ಟಿ ಸಿಗುತ್ತದೆ, ಅದೂ ಒಳ್ಳೆಯದೇ. ಕಲಸಿದ್ದನ್ನು ಅದೇ ದಿನ ಮುಗಿಸಿ. ರಾತ್ರಿ ಕಳೆದರೆ ಕಣಗಳು ದಪ್ಪವಾಗಿ ಅಂಟು ಹೋಗುತ್ತದೆ. ಮಳೆ ಬಂದು ಕೆಲಸ ನಿಂತಿತೆಂದು ಅರ್ಧ ಡ್ರಮ್ ನಾಳೆಗೆ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ಅದಕ್ಕಿಂತ ಒಂದೊಂದೇ ಡ್ರಮ್ ಕಲಸಿ. ನಮ್ಮಲ್ಲಿ ಒಂದು ಡ್ರಮ್ಮಿಗೆ ನೂರೈವತ್ತರ ಹತ್ತಿರ ಮರ ಆಗುತ್ತದೆ.

ಈ ಮದ್ದು ಹುಟ್ಟಿದ್ದು ಅಡಿಕೆಗಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ದಾರಿಬದಿಯ ಬಳ್ಳಿಗೆ ತುತ್ತು ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ನಮ್ಮ ಕೊಳೆರೋಗವನ್ನು ಕೂತು ಅಭ್ಯಾಸ ಮಾಡಿದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು 1910ರಲ್ಲೇ ಅಡಿಕೆ ಕೊಳೆಯ ಬಗ್ಗೆ ವರದಿ ಬರೆದರು, ಬೋರ್ಡೋ ಹೊಡೆಯುವುದನ್ನು ಬಳಕೆಗೆ ತಂದರು. ಅದಕ್ಕೂ ಮೊದಲು ನಮ್ಮವರು ಅಡಿಕೆಯ ಕೊನೆಗೆ (ಗೊನೆಗೆ) ಕೊಟ್ಟೆ, ಅಂದರೆ ಮಳೆನೀರು ತಡೆಯುವ ಹೊದಿಕೆ, ಕಟ್ಟುತ್ತಿದ್ದರು. ಈಗಲೂ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಮಳೆಗೆ ಮೊದಲು ಕಟ್ಟಿದರೆ ಕೆಲಸ ಮಾಡುತ್ತದೆ, ಆದರೆ ಕಟ್ಟುವ ಕೂಲಿ ನಮ್ಮಂಥವರಿಗೆ ಎಟುಕುವುದಿಲ್ಲ.

ಯಾವಾಗ ಹೊಡೆಯಬೇಕು? ಮಳೆಗಾಲ ಹಿಡಿಯುವ ಮೊದಲು. ಮದ್ದು ಎಂದು ಕರೆದರೂ ಇದು ಮಾಡುವುದು ಗೊರಬಿನ, ಅಂದರೆ ಮಳೆಗೆ ತಲೆ-ಬೆನ್ನಿಗೆ ಹಾಕಿಕೊಳ್ಳುವ ಎಲೆಹೊದಿಕೆಯ, ಕೆಲಸ. ಪೂರ್ತಿ ನೆನೆದ ಮೇಲೆ ಗೊರಬು ಸೂಡಿ ಏನು ಬಂತು? ಕೊಳೆಯ ರೋಗಾಣು ನೀರಿನಲ್ಲಿ ಈಜಿ ಕಾಯಿಂದ ಕಾಯಿಗೆ ಹೋಗುವಂಥದ್ದು. ಒಳಗೆ ಹೊಕ್ಕ ಮೇಲೆ ತಾಮ್ರ ಏನೂ ಮಾಡಲಾರದು. ಹೊಡೆದ ಮೇಲೆ ಒಣಗಲು ಕೆಲವು ಗಂಟೆಯ ಬಿಸಿಲು ಬೇಕು. ಆದ್ದರಿಂದ ಮೃಗಶಿರ ಹುಟ್ಟುವ ಮೊದಲೇ, ರೋಹಿಣಿಯಲ್ಲೇ ನಾನು ಮೊದಲ ಸುತ್ತು ಮುಗಿಸುತ್ತೇನೆ. ಎರಡನೆಯದು 40ರಿಂದ 45 ದಿನಕ್ಕೆ. ಮೇ 28ಕ್ಕೆ ಹೊಡೆದರೆ ಜುಲೈ 7ರಿಂದ 12ರ ಒಳಗೆ, ಅಂದರೆ ಪುನರ್ವಸು ಮಳೆ ಹಿಡಿದ ಹೊತ್ತಿಗೆ. ಆಗ ಹೊಳವು, ಅಂದರೆ ಮಳೆ ಬಿಟ್ಟ ಬಿಸಿಲು, ಸಿಗುವುದೇ ಕಷ್ಟ. ಅದಕ್ಕೆ ನಾನು ಜುಲೈ ಒಂದರಿಂದಲೇ ತುತ್ತು ಸುಣ್ಣ ತಂದಿಟ್ಟು, ಮಷಿನ್ನಿಗೆ ಪೆಟ್ರೋಲ್ ಹಾಕಿಸಿ ಕಾಯುತ್ತೇನೆ. ಆ ಸುಣ್ಣಕ್ಕೆ ಮಾತ್ರ ಗಾಳಿಯಾಡದ ಮುಚ್ಚಳದ ಡಬ್ಬ. ಹೊಳವಾದ ದಿನ ಸಾಮಾನು ತರಲು ಪೇಟೆಗೆ ಹೋದರೆ ವಾಪಸು ಬರುವಾಗ ಮಳೆ ನಮ್ಮ ಜೊತೆಗೇ ಬರುತ್ತದೆ. ಹುಲಿಕಲ್ ಕಡೆಯ ನೆಂಟರಂತೂ ಮೂರು ಸುತ್ತು ಹೊಡೆಯುತ್ತಾರೆ. ಅಲ್ಲಿಯ ಮಳೆ ಅಂಥದ್ದು.

ಮದ್ದೊಂದನ್ನೇ ನಂಬಿ ಕೂರುವ ಹಾಗೂ ಇಲ್ಲ. ಬಸಿಗಾಲುವೆಯಲ್ಲಿ ಬಿದ್ದ ಸೋಗೆ, ಹಾಳೆ ಈಗಲೇ ತೆಗೆಸಿ. ನೀರು ನಿಂತ ತೋಟದಲ್ಲಿ ತೇವ ಇಳಿಯುವುದಿಲ್ಲ. ಹೋದ ವರ್ಷದ ಒಣಗಿದ ಕೊನೆ ಮರದಲ್ಲೇ ನೇತಾಡುತ್ತಿದ್ದರೆ ಹತ್ತಿದವರ ಕೈಯಲ್ಲೇ ಕೀಳಿಸಿ. ಮಳೆಗಾಲದಲ್ಲಿ ಉದುರಿದ ಕೊಳೆಕಾಯಿಯನ್ನು ದಿನಾ ಹೆಕ್ಕಿ ತೋಟದ ಹೊರಗೆ ಹೂಳಬೇಕು. ಉಂಬಳ (ಜಿಗಣೆ) ಕಚ್ಚಿಸಿಕೊಂಡು ಈ ಕೆಲಸ ಮಾಡುವುದು ಯಾರಿಗೂ ಇಷ್ಟವಿಲ್ಲ, ನನಗೂ ಇಲ್ಲ. ಆದರೂ ಮಾಡುತ್ತೇನೆ. ಎಲೆಚುಕ್ಕಿ ರೋಗದ ಕತೆ ಬೇರೆಯೇ ಇದೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ದೋಟಿಯಲ್ಲಿ, ಅಂದರೆ ಮರದ ತುದಿಗೆ ಎಟುಕುವ ಉದ್ದ ಕೋಲಿನಲ್ಲಿ, ಹೊಡೆಸುವವರಿಗೆ ಒಂದು ಮಾತು. ಕಾರ್ಬನ್ ಫೈಬರ್ ದೋಟಿ ಹಗುರ, ನೆಲದಲ್ಲೇ ನಿಂತು ಹೊಡೆಯಬಹುದು, ಎಲ್ಲ ನಿಜ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲಿನ ಮರಗಳನ್ನು ಬಿಟ್ಟುಬಿಡಿ, ಅಥವಾ ಲೈನ್ ಆಫ್ ಮಾಡಿಸಿದ ಮೇಲೆಯೇ ಹೊಡೆಸಿ. ಇಪ್ಪತ್ತು ಮರದ ಫಸಲು ಹೋದರೆ ಹೋಗಲಿ.

ಹೊಡೆಯುವ ದಿನ ಬಾವಿಗೆ ಟಾರ್ಪಾಲ್ ಮುಚ್ಚಿ. ಮರದಡಿಯ ಹುಲ್ಲನ್ನು ಹಿಂದಿನ ದಿನವೇ ದನಕ್ಕೆ ಕೊಯ್ದಿಟ್ಟುಕೊಳ್ಳಿ, ಆಮೇಲೆ ಒಳ್ಳೆ ಮಳೆ ಬಂದು ತೊಳೆಯುವವರೆಗೆ ಆ ಹುಲ್ಲು ಬೇಡ. ಕೊನೆಗಾರನಿಗೆ ಹಳೆಯ ತುಂಬುತೋಳಿನ ಅಂಗಿ ಕೊಡಿ. ಊಟಕ್ಕೆ ಕೂರುವ ಮೊದಲು ಸೋಪು ಹಚ್ಚಿ ಕೈ ತೊಳೆಯಲು ಬಿಸಿನೀರು ಬಚ್ಚಲಲ್ಲಿ ಇಟ್ಟಿರಿ. ನಮ್ಮನೆಯಲ್ಲಿ ಆ ದಿನ ಅಪ್ಪೆಹುಳಿ, ಹಲಸಿನ ಹಪ್ಪಳ ಖಾಯಂ. ಎರಡನೇ ಸುತ್ತಿಗೆ ಕರೆದಾಗ ಅವನು ನಮ್ಮನೆಗೇ ಮೊದಲು ಬರುವುದಕ್ಕೆ ಹಪ್ಪಳವೂ ಒಂದು ಕಾರಣ ಇರಬಹುದು.

ಕೊನೆಗಾರ ಬಾರದ ದಿನಗಳಲ್ಲಿ ಮನೆಯ ಕೆಲಸ ಇದ್ದೇ ಇದೆ. ಕಟ್ಟಿಗೆ ಒಳಗೆ ಸೇರಬೇಕು. ನಾಲ್ಕು ತಿಂಗಳು ಬಚ್ಚಲ ಒಲೆ ಉರಿಯಬೇಕಲ್ಲ, ಬಟ್ಟೆ ಒಣಗುವುದೂ ಅದರ ಮೇಲೆಯೇ. ಗೋಡೆಗೆ ತಾಗಿಸದೆ, ನೆಲಕ್ಕೆ ಎರಡು ದಬ್ಬೆ ಹಾಕಿ ಅದರ ಮೇಲೆ ಪೇರಿಸಿ. ಇಲ್ಲವಾದರೆ ಆಷಾಢಕ್ಕೆ ಗೆದ್ದಲಿನ ಜೊತೆ ಹಾವೂ ಬಾಡಿಗೆಗೆ ಬಂದಿರುತ್ತದೆ. ಹಲಸಿನ ಸೊಳೆ ಉಪ್ಪಿಗೆ ಹಾಕಿ ಆಯಿತು. ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು ಬಾಕಿ.

ನಾಳೆ ಮಗ ಸಾಗರ ಪೇಟೆಗೆ ಹೋಗುವವನಿದ್ದಾನೆ. ಚೀಟಿಯಲ್ಲಿ ಬರೆದಿದ್ದೇನೆ: ಮೈಲುತುತ್ತು 12 ಕಿಲೋ, ಹರಳು ಸುಣ್ಣ 12 ಕಿಲೋ, ಎರಡು ನಾಝಲ್, ಕೈಗವಸು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ, "ಅಂಗಡಿಯಲ್ಲೇ ಒಂದು ಹರಳಿಗೆ ನೀರು ಹಾಕಿ ನೋಡು." ಓದಿ, "ಅಲ್ಲಿ ಎಲ್ಲರ ಎದುರಿಗೆ ಹೇಗಮ್ಮ?" ಎಂದ. ನೀರಿನ ಬಾಟಲಿಯನ್ನು ಅವನ ಚೀಲದಲ್ಲಿ ನಾನೇ ಇಟ್ಟೆ.