‘ಇನ್ನೂ ಕಲೀತಾನೇ ಇದ್ದೀಯಾ?’

ಹೌದು, ಕಲೀತಾನೇ ಇದ್ದೆ. ಈ ಪ್ರಶ್ನೆಗೆ ನಾನು ಛತ್ರದಲ್ಲಿ ಉತ್ತರ ಹೇಳಿದ್ದೇನೆ, ವಾಟ್ಸಾಪಿನಲ್ಲಿ ಹೇಳಿದ್ದೇನೆ, ಒಮ್ಮೆ ದೇವರಾಜ ಮಾರ್ಕೆಟ್ಟಿನಲ್ಲಿ ಎರಡು ಕೈಯಲ್ಲೂ ವೀಳ್ಯದೆಲೆ ಕವಳಿಗೆ ಹಿಡಿದುಕೊಂಡು ಹೇಳಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ವಿಷಯ ಇಷ್ಟು. ನಾನು ವಿಯೋಲ ನುಡಿಸುತ್ತೇನೆ. ವಯೋಲಿನ್ ಅಲ್ಲ, ಅದರ ಅಕ್ಕ. ಮೈ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ತಗ್ಗು. ಲಂಡನ್ನಿನಲ್ಲಿ ನಾಲ್ಕು ವರ್ಷ ಡಿಗ್ರಿ, ಎರಡು ವರ್ಷ ಮಾಸ್ಟರ್ಸ್ ಮುಗಿಸಿದೆ. ಅದಾದಮೇಲೆ ಒಂದು ವರ್ಷದ ಫೆಲೋಶಿಪ್‌ಗೆ ಸೇರಿದೆ. ಆಗ ತಾನೇ ಕಾಲೇಜು ಬಿಟ್ಟವರನ್ನು ಆರ್ಕೆಸ್ಟ್ರಾದವರ ಪಕ್ಕ ಕೂರಿಸಿ ಕೆಲಸ ಕಲಿಸುವ ಫೆಲೋಶಿಪ್. ಆರ್ಕೆಸ್ಟ್ರಾ ಅಂದರೆ ಹತ್ತಾರು ವಾದ್ಯದವರು ಒಟ್ಟಿಗೆ ಕೂತು, ಎದುರು ನಿಂತ ಕಂಡಕ್ಟರ್ ಕೋಲು ಬೀಸಿದಂತೆ ಪಾಶ್ಚಾತ್ಯ ಸಂಗೀತ ನುಡಿಸುವ ಮೇಳ. ಗಣೇಶನ ಹಬ್ಬಕ್ಕೆ ಕರೆಸುತ್ತಾರಲ್ಲ, ಅದಲ್ಲ. ಅವರಿಗೆ ಸೀಸನ್ನಿನಲ್ಲಿ ನನಗಿಂತ ಜಾಸ್ತಿ ಕೆಲಸ ಇರುತ್ತದೆ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರೊಳಗಿನ ‘ಇನ್ನೂ’ಗೆ. ಎಪ್ಪತ್ತು ವರ್ಷದ ವಿದ್ವಾಂಸರು ವೇದಿಕೆ ಮೇಲೆ ‘ನಾನಿನ್ನೂ ವಿದ್ಯಾರ್ಥಿ’ ಅಂದರೆ ಚಪ್ಪಾಳೆ ಹೊಡೆಯುತ್ತೀರಿ. ನಾನು ಇಪ್ಪತ್ತೈದಕ್ಕೆ ಅದೇ ಮಾತು ಹೇಳಿದರೆ ನಮ್ಮಮ್ಮನ ಮುಖ ನೋಡುತ್ತೀರಿ.

ಒಂದು ಮದುವೆ. ಎರಡನೇ ಪಂಕ್ತಿ. ಪಕ್ಕದ ಎಲೆಯಲ್ಲಿ ಕೂತಿದ್ದ ಮಾವ ಕೇಳಿದರು. ‘ಆರು ವರ್ಷ ಓದಿದೀಯ. ಇನ್ನೂ ಟ್ರೈನಿಂಗಾ? ಹಾಗಾದ್ರೆ ಕಾಲೇಜಿನವರು ಏನು ಕಲಿಸಿದ್ರು?’ ನಾನು, ‘ಎಂಬಿಬಿಎಸ್ ಮುಗಿಸಿದವರು ಹೌಸ್ ಸರ್ಜನ್ಸಿ ಮಾಡಲ್ವಾ, ಹಾಗೆ’ ಅಂದೆ. ‘ಅವರು ಡಾಕ್ಟರು’ ಅಂದರು ಮಾವ. ಅಷ್ಟರಲ್ಲಿ ಹೋಳಿಗೆ ಬಂತು.

ಕಾಲೇಜಿನವರು ಏನು ಕಲಿಸಿದರು ಅನ್ನುವುದು ಮಾತ್ರ ನ್ಯಾಯವಾದ ಪ್ರಶ್ನೆ. ಒಬ್ಬಳೇ ನುಡಿಸುವುದನ್ನು ಕಲಿಸಿದರು. ಸಣ್ಣ ಕೋಣೆ, ಒಂದು ಕನ್ನಡಿ, ದಿನಕ್ಕೆ ಐದು ಗಂಟೆ. ನನ್ನ ದನಿ ಸಭೆಯ ಕೊನೇ ಸಾಲಿಗೆ ಮುಟ್ಟಬೇಕು ಅನ್ನುವುದೇ ಗುರಿ. ಆರ್ಕೆಸ್ಟ್ರಾದಲ್ಲಿ ಹತ್ತು ವಿಯೋಲ ಇದ್ದರೆ, ಅದರಲ್ಲಿ ನನ್ನದು ಯಾವುದು ಅಂತ ಯಾರಿಗೂ ಗೊತ್ತಾಗಬಾರದು. ಕಾಲೇಜಿನಲ್ಲೂ ಆರ್ಕೆಸ್ಟ್ರಾ ಇತ್ತು, ಇಲ್ಲ ಅನ್ನಲ್ಲ. ಅಲ್ಲಿ ಒಂದು ಕಾನ್ಸರ್ಟ್‌ಗೆ ವಾರಗಟ್ಟಲೆ ತಾಲೀಮು. ಹೊರಗಡೆ ಎಷ್ಟೋ ಸಲ ಮಧ್ಯಾಹ್ನ ಒಂದೇ ತಾಲೀಮು, ಸಂಜೆ ಏಳೂವರೆಗೆ ಜನರ ಮುಂದೆ.

ನನಗೆ ಇನ್ನೊಂದು ಕಷ್ಟವೂ ಇತ್ತು. ನಾನು ಚಿಕ್ಕಂದಿನಲ್ಲಿ ತೊಡೆ ತಟ್ಟಿ ತಾಳ ಹಾಕಿ ಹಾಡು ಕಲಿತವಳು. ಕೈ ತೊಡೆಗೆ ಬಿತ್ತು ಅಂದರೆ ಪೆಟ್ಟು ಅಲ್ಲೇ. ಇಲ್ಲಿ ಕಂಡಕ್ಟರರ ಕೋಲು ಕೆಳಗೆ ಬಂದಮೇಲೂ ಆರ್ಕೆಸ್ಟ್ರಾ ಒಂದು ಕ್ಷಣ ಕಾಯುತ್ತದೆ. ಎಷ್ಟು ಕಾಯಬೇಕು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಒಂದೊಂದು ಆರ್ಕೆಸ್ಟ್ರಾಕ್ಕೆ ಒಂದೊಂದು ಅಭ್ಯಾಸ. ಮುಂದಿನ ಸಾಲಿನವರ ಉಸಿರು, ಕಮಾನು ನೋಡಿಕೊಂಡು ನುಡಿಸಬೇಕು. ಮೊದಲ ತಿಂಗಳು ನಾನು ಪ್ರತಿ ಸಲವೂ ಎಲ್ಲರಿಗಿಂತ ಮುಂಚೆ ಹಾಜರ್.

ಆಗಲೇ ಶೂಬರ್ಟ್ ಅನ್ನುವ ಸಂಗೀತಕಾರ ಆರ್ಕೆಸ್ಟ್ರಾಕ್ಕೆಂದು ಬರೆದ ‘ಅಪೂರ್ಣ’ ಸಿಂಫನಿ ಬಂತು. ಮೊದಲ ಭಾಗದಲ್ಲಿ ವಿಯೋಲಕ್ಕಿಂತ ದೊಡ್ಡ, ಇನ್ನೂ ತಗ್ಗು ದನಿಯ ಚೆಲ್ಲೋಗಳು ಮೆಲ್ಲಗೆ ಒಂದು ರಾಗ ಎತ್ತುತ್ತವೆ, ಆಮೇಲೆ ಅದನ್ನು ವಯೋಲಿನ್‌ಗಳು ಹಿಡಿಯುತ್ತವೆ. ಅಷ್ಟು ಹೊತ್ತೂ ವಿಯೋಲದವರಿಗೆ ಹಿಂದಿನಿಂದ ತಾಳದ ಸಂದಿನಲ್ಲಿ ಮಿಡಿಯುವ ಕೆಲಸ. ಇದ್ದಕ್ಕಿದ್ದಂತೆ ರಾಗ ನಡುವೆಯೇ ಕಡಿದುಹೋಗುತ್ತದೆ. ಒಂದು ಇಡೀ ಬಾರ್, ಅಂದರೆ ತಾಳದ ಒಂದು ಸುತ್ತು, ಮೌನ. ಅದಾದಮೇಲೆ ಎಲ್ಲರೂ ಸೇರಿ ಗುಡುಗಿದ ಹಾಗೆ ಒಂದು ಪೆಟ್ಟು.

ನಾನು ಆ ಮೌನದಲ್ಲಿ ಗುಡುಗಿದೆ. ಒಬ್ಬಳೇ. ಕಾಲೇಜಿನಲ್ಲಿ ಕಲಿಸಿದ ಹಾಗೆ, ಕೊನೇ ಸಾಲಿಗೂ ಕೇಳುವಂತೆ.

ಪುಣ್ಯಕ್ಕೆ ಅದು ತಾಲೀಮು. ಕಂಡಕ್ಟರ್ ನಿಲ್ಲಿಸಲೂ ಇಲ್ಲ, ಹುಬ್ಬು ಮಾತ್ರ ಏರಿಸಿದರು. ನನ್ನ ಪಕ್ಕ ಕೂತಿದ್ದವರು ಮೂವತ್ತು ವರ್ಷ ನುಡಿಸಿದ ಹೆಂಗಸು, ಸ್ವರದ ಹಾಳೆ ಇಡಲು ಇಬ್ಬರಿಗೂ ಒಂದೇ ಸ್ಟ್ಯಾಂಡು. ಅವರು ಪೆನ್ಸಿಲ್ ತೆಗೆದು ಆ ಖಾಲಿ ಬಾರಿನ ಮೇಲೆ ಒಂದು ಕನ್ನಡಕ ಬರೆದರು. ಎರಡು ಸೊನ್ನೆ, ನಡುವೆ ಒಂದು ಗೆರೆ. ತಲೆ ಎತ್ತಿ ನೋಡು ಅಂತ ಅರ್ಥ. ನಾನು ಎಣಿಸುತ್ತಿದ್ದೆ, ನೋಡುತ್ತಿರಲಿಲ್ಲ.

ಆ ಹೆಂಗಸು ಬಾಯಿಬಿಟ್ಟು ಕಲಿಸಿದ್ದು ಕಡಿಮೆ. ಹಾಳೆ ತಿರುಗಿಸುವುದು ಒಳಗಡೆ, ಅಂದರೆ ಸಭಿಕರಿಂದ ದೂರದ ಪಕ್ಕದಲ್ಲಿ, ಕೂತವರ ಪಾಲು. ಕೊನೆಯ ಒಂದೆರಡು ಸ್ವರ ಬಿಟ್ಟಾದರೂ ತಿರುಗಿಸಬೇಕು, ಹೊರಗಡೆ ಕೂತವರು ನುಡಿಸುತ್ತಾ ಇರುತ್ತಾರೆ. ಮುಂದಿನವರು ಕಮಾನಿನ ದಿಕ್ಕು ಬದಲಿಸಿದರೆ ಥಟ್ಟನೆ ಗುರುತು ಹಾಕಿಕೊಳ್ಳಬೇಕು, ಪೆನ್ಸಿಲ್ಲಿನಲ್ಲೇ. ಬಾಡಿಗೆಗೆ ತಂದ ಹಾಳೆ ಮೇಲೆ ಪೆನ್ನಿನಲ್ಲಿ ಬರೆದರೆ ಲೈಬ್ರರಿಯವರು ಜೀವ ತೆಗೆಯುತ್ತಾರೆ. ಕಾಲಿನಿಂದ ತಾಳ ಹಾಕಬಾರದು. ಇದು ನನಗೆ ಹೆಚ್ಚು ಸಲ ಬೇಕಾಯಿತು.

ಮಾವನಿಗೆ ಹೌಸ್ ಸರ್ಜನ್ಸಿ ಬದಲು ತಂಬೂರಿಯ ಉದಾಹರಣೆ ಕೊಡಬೇಕಿತ್ತು. ಗುರುಗಳ ಹಿಂದೆ ತಂಬೂರಿ ಹಿಡಿದು ಕೂರುವ ಹುಡುಗಿಯನ್ನು ನೀವು ದಿನಾ ನೋಡುತ್ತೀರಿ. ಮನೆಯಲ್ಲಿ ಪಾಠ ಆಗಿದೆ. ಪರೀಕ್ಷೆಯೂ ಪಾಸಾಗಿರಬಹುದು. ಆದರೂ ಕಛೇರಿ ನಡೆಯುವುದು ಹೇಗೆ ಅಂತ ಅವಳಿಗೆ ತಿಳಿಯುವುದು ಅಲ್ಲಿ ಕೂತಾಗಲೇ. ಅವಳನ್ನು ಯಾರೂ ‘ಇನ್ನೂ’ ಅಂತ ಕೇಳಲ್ಲ. ಪುಣ್ಯ ಮಾಡಿದ್ದಳು ಅಂತೀರಿ.

ಇದೇನು ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯೂ ಅಲ್ಲ. ಅಮೆರಿಕದ ಆರ್ಕೆಸ್ಟ್ರಾಗಳು ಯುರೋಪಿನಿಂದ ಬಂದವರನ್ನೇ ನಂಬಿಕೊಂಡಿದ್ದವು. ಮೊದಲ ಮಹಾಯುದ್ಧ ಬಂದಮೇಲೆ ಆ ದಾರಿ ಕಟ್ಟಿತು. 1919ರಲ್ಲಿ ಶಿಕಾಗೊದವರು ತರುಣರಿಗಾಗಿ ಒಂದು ಆರ್ಕೆಸ್ಟ್ರಾ ಶುರು ಮಾಡಿದರು, ಅದು ಇಂದಿಗೂ ಇದೆ. 1972ರಲ್ಲಿ ಕಂಡಕ್ಟರ್ ಕಾರಾಯಾನ್ ಬರ್ಲಿನ್ನಿನಲ್ಲಿ ಅಕಾಡೆಮಿ ಕಟ್ಟಿದರು. ತಮ್ಮ ಆರ್ಕೆಸ್ಟ್ರಾದ ದನಿ ಮುಂದಿನವರಿಗೆ ದಾಟಲಿ ಅಂತ. ನನಗೆ ಜಾಸ್ತಿ ಇಷ್ಟವಾಗುವುದು ಲಂಡನ್ ಸಿಂಫನಿ ಆರ್ಕೆಸ್ಟ್ರಾದವರು 1992ರಲ್ಲಿ ಶುರು ಮಾಡಿದ ಯೋಜನೆ. ಎಳೆಯ ತಂತಿವಾದ್ಯದವರನ್ನು ತಾಲೀಮಿಗೂ ಕಾನ್ಸರ್ಟಿಗೂ ಕೂರಿಸಿದರು, ಕೂರಿಸಿ ದುಡ್ಡು ಕೊಟ್ಟರು. ಸುಮ್ನೆ ಅನುಭವ ಅಂತ ದುಡಿಸಿಕೊಳ್ಳಲಿಲ್ಲ.

ದುಡ್ಡಿನ ಮಾತು ಬಂತಲ್ಲ. ಯಾರಾದರೂ ಕೇಳಲಿ ಅಂತ ನಾನು ಕಾದ ಪ್ರಶ್ನೆ ಇದು: ಆ ವರ್ಷ ನಿನ್ನ ಬಾಡಿಗೆ ಯಾರು ಕಟ್ಟಿದರು?

ಅರ್ಧ ಫೆಲೋಶಿಪ್ ಹಣ, ಅರ್ಧ ಅಪ್ಪನ ಪಿಎಫ್. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ನನಗಿಂತ ಚೆನ್ನಾಗಿ ನುಡಿಸುತ್ತಿದ್ದ ಒಬ್ಬಳು ನನ್ನ ಕ್ಲಾಸಿನಲ್ಲೇ ಇದ್ದಳು. ಅವಳಿಗೆ ಅಂಥ ಅಪ್ಪ ಇರಲಿಲ್ಲ. ಈಗ ಇನ್ಶೂರೆನ್ಸ್ ಆಫೀಸಿನಲ್ಲಿದ್ದಾಳೆ. ಆರ್ಕೆಸ್ಟ್ರಾದವರು ಜನ ಸಾಲದಿದ್ದಾಗ ಯಾರಿಗೆ ಫೋನ್ ಮಾಡುತ್ತಾರೆ? ಪಕ್ಕ ಕೂತು ನೋಡಿದವರಿಗೆ. ಒಂದು ವರ್ಷ ಪಕ್ಕದಲ್ಲಿ ಕೂರಲು ದುಡ್ಡಿಲ್ಲದವರ ನಂಬರ್ ಯಾರ ಹತ್ತಿರವೂ ಇರುವುದಿಲ್ಲ.

ಇದು ನಮ್ಮ ಮೈಸೂರಿನವರಿಗೆ ಬೇರೆಯವರಿಗಿಂತ ಮೊದಲೇ ಗೊತ್ತಿರಬೇಕಿತ್ತು. ಜಯಚಾಮರಾಜ ಒಡೆಯರ್ ಪಿಯಾನೋ ಕಲಾವಿದರಾಗಬೇಕು ಅಂತಿದ್ದರು. 1940ರಲ್ಲಿ ತಂದೆಯೂ ಹೋದರು, ದೊಡ್ಡಪ್ಪ ನಾಲ್ವಡಿಯವರೂ ಹೋದರು. ಸಿಂಹಾಸನ ಬಂತು, ಪಿಯಾನೋ ಹೋಯಿತು. ಆಮೇಲೆ ಅವರು ಎರಡನೇ ಮಹಾಯುದ್ಧ ಮುಗಿದ ವರ್ಷವೇ ಹುಟ್ಟಿದ್ದ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಹಣ ಕೊಟ್ಟು ನಿಂತರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿದ್ದು ಅವರ ದುಡ್ಡಿನಿಂದ. ಆಗ ತಾನೇ ಕಾಲೂರುತ್ತಿದ್ದ ಆರ್ಕೆಸ್ಟ್ರಾದ ಬಾಡಿಗೆಯನ್ನು ಮೈಸೂರು ಕಟ್ಟಿದೆ, ಮಾವ. ಆಗ ಯಾರೂ ‘ಇನ್ನೂ’ ಅನ್ನಲಿಲ್ಲ.

ಮಾವ ಮೊನ್ನೆ ಫೋನ್ ಮಾಡಿದ್ದರು. ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದೇನೆ ಅಂತ ಅಮ್ಮ ಹೇಳಿದ್ದಾರೆ. ‘ಪರ್ಮನೆಂಟಾ?’ ಅಂದರು.

‘ಟ್ರಯಲ್, ಮಾವ.’

ಇಲ್ಲಿ ಆಡಿಷನ್ ಪಾಸಾದರೂ ಕೆಲಸ ಸಿಕ್ಕಂತಲ್ಲ. ಒಂದೇ ಕುರ್ಚಿಗೆ ನಾಲ್ಕೈದು ಜನರನ್ನು ಸರದಿಯಲ್ಲಿ ಕೂರಿಸಿ ತಿಂಗಳುಗಟ್ಟಲೆ ನೋಡುತ್ತಾರೆ. ನನ್ನದು ಹದಿನಾಲ್ಕನೇ ತಿಂಗಳು. ಇದನ್ನೆಲ್ಲ ಮಾವನಿಗೆ ಹೇಳಲಿಲ್ಲ.

‘ಅಂದ್ರೆ ಇನ್ನೂ...’ ಅಂತ ಶುರು ಮಾಡಿದರು. ನೆಟ್‌ವರ್ಕ್ ಸರಿಯಿಲ್ಲ ಅಂದೆ.