ಕೊರಮೀನು ಮರಿ ಕಾಯೋ ಹೊತ್ತು

ಹರಿಹರದಲ್ಲಿ ತುಂಗಭದ್ರಾ ಹೊಳೆ ಈಗ ಸೊರಗಿ ಬಂಡೆ ಎಲ್ಲಾ ಎದ್ದು ಕೂತಿದಾವೆ, ರೈಲ್ವೆ ಬ್ರಿಡ್ಜ್ ಕಡೆ ಅಲ್ಲೊಂದು ಇಲ್ಲೊಂದು ಮಡು ಬಿಟ್ರೆ ಹರಿಯೋ ನೀರು ಮೊಣಕಾಲು ಮಟ್ಟ ಅಷ್ಟೆ. ಹತ್ತು ಗಂಟೆ ಮೇಲೆ ದಂಡೇಲಿ ನಿಲ್ಲೋಕೆ ಆಗಲ್ಲ, 38 ಡಿಗ್ರಿ ದಾಟ್ತಾ ಐತೆ, ಅದಕ್ಕೆ ಬೆಳಿಗ್ಗೆ ಆರಕ್ಕೆ ಬೈಕ್ ತಗೊಂಡು ಹೋಗಿ ಎಂಟರೊಳಗೆ ವಾಪಸ್ ಬರ್ತೀನಿ. ಮೂರು ವಾರದಿಂದ ಒಂದೇ ಜಾಗಕ್ಕೆ ಹೋಗ್ತಿದೀನಿ, ಯಾಕಂದ್ರೆ ಅಲ್ಲಿ ಜೊಂಡಿನ ನಡುವೆ ಒಂದು ಜೋಡಿ ಕೊರಮೀನು ಮರಿ ಮಾಡಿದಾವೆ. ಮುರ್ಲು, ಮರಲ್ ಅಂತಾರಲ್ಲ, ಹಾವಿನ ತಲೆ ಇದ್ದಂಗೆ ತಲೆ ಇರೋ ಮೀನು, ಅದೇ.

ಭರಣಿ ಮಳೆ ಒಂದು ದಿನ ಜೋರಾಗಿ ಹೊಡೆದು ಹೋಗಿತ್ತು. ಮಾರನೇ ದಿನ ನೋಡಿದ್ರೆ ಜೊಂಡಿನ ನಡುವೆ ಯಾರೋ ಕುಡುಗೋಲಲ್ಲಿ ಕೊಯ್ದಂಗೆ ತಟ್ಟೆಯಗಲ ಜಾಗ ದುಂಡಗೆ ಖಾಲಿಯಾಗಿತ್ತು. ಆ ಜೋಡೀನೇ ಬಾಯಲ್ಲಿ ಕಚ್ಚಿ ಕಚ್ಚಿ ಪಾಚಿ ಜೊಂಡು ಎಲ್ಲಾ ತೆಗೆದು ಗೂಡು ಮಾಡ್ಕೊಂಡಿದ್ವು. ಎರಡು ದಿನ ಬಿಟ್ಟು ಹೋದಾಗ ಅದರ ತುಂಬ ಸಾಸಿವೆ ಕಾಳಷ್ಟು ಹಳದಿ ಮೊಟ್ಟೆ ತೇಲ್ತಿತ್ತು. ಗೆಂಡೆ ಮೊಟ್ಟೆ ಗಿಡಕ್ಕೆ ಅಂಟ್ಕೊಳ್ಳುತ್ತೆ, ರೋಹು ಕಾಟ್ಲಾ ಮೊಟ್ಟೆ ಮುಳುಗಿ ಹರಿವಿನ ಜೊತೆ ಉರುಳ್ತಾ ಹೋಗುತ್ತೆ, ಕೊರಮೀನಿನ ಮೊಟ್ಟೆಯೊಳಗೆ ಒಂದು ಎಣ್ಣೆ ಹನಿ ಇರೋದ್ರಿಂದ ಅದು ಮೇಲೇ ತೇಲುತ್ತೆ. ಇಂಥಾ ಬೆಚ್ಚಗಿನ ನೀರಲ್ಲಿ ಒಂದು ದಿನ, ಹೆಚ್ಚಂದ್ರೆ ಒಂದೂವರೆ ದಿನದಲ್ಲಿ ಮರಿ ಆಚೆ ಬಂದ್ಬಿಡುತ್ತೆ.

ಇಲ್ಲೊಂದು ವಿಷಯ ಹೇಳಲೇಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರೋ ಆಕ್ಸಿಜನ್ ಕಮ್ಮಿ ಆಗುತ್ತೆ, 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಕೊಂಡ್ರೆ 30 ಡಿಗ್ರಿ ನೀರು ಹಿಡಿಯೋದು ಏಳೂವರೆ ಅಷ್ಟೆ, ನಿಂತ ಮಡುವಲ್ಲಿ ಜೊಂಡು ಕೊಳೆತು ಬೆಳಗಿನ ಜಾವಕ್ಕೆ ಇನ್ನೂ ಎಷ್ಟೋ ಕೆಳಗೆ ಇಳಿದಿರುತ್ತೆ. ಬೇರೆ ಬಹಳಷ್ಟು ಮೀನಿಗೆ ಅಲ್ಲಿ ಉಸಿರು ಕಟ್ಟುತ್ತೆ. ಕೊರಮೀನು ಮಾತ್ರ ಮೇಲೆ ಬಂದು ಬಾಯಿ ತೆಗೆದು ನೇರವಾಗಿ ಗಾಳಿ ಕುಡಿಯುತ್ತೆ, ಕಿವಿರಿನ ಮೇಲೆ ಅದಕ್ಕೇಂತಲೇ ಒಂದು ಗೂಡು ಐತೆ, ಹಂಗಾಗಿ ಯಾರಿಗೂ ಬೇಡದ ಈ ಬಿಸಿ ನೀರೇ ಅದಕ್ಕೆ ಬಾಣಂತಿ ಕೋಣೆ. ಆದ್ರೆ ಅದೇ ಗಾಳಿ ಕುಡಿಯೋ ಅಭ್ಯಾಸವೇ ಮರಿಗಳನ್ನ ತೋರಿಸಿಕೊಡುತ್ತೆ. ಸಾವಿರಗಟ್ಟಲೆ ಕೆಂಪು ಕಿತ್ತಳೆ ಬಣ್ಣದ ಮರಿ ಒಂದೇ ಗುಂಪಾಗಿ ಇರ್ತಾವೆ, ಉಸಿರಿಗೆ ಒಟ್ಟಿಗೆ ಮೇಲೆ ಬರ್ತಾವೆ, ಗಾಳಿ ಇಲ್ಲದ ಬೆಳಿಗ್ಗೆ ಆ ಒಂದು ಜಾಗದಲ್ಲಿ ಮಾತ್ರ ಸಣ್ಣ ಮಳೆ ಬಿದ್ದಂಗೆ ನೀರು ಗುಳುಗುಳು ಅನ್ನುತ್ತೆ. ನನಗೆ ಕಾಣೋದು ಎಲ್ಲರಿಗೂ ಕಾಣುತ್ತೆ.

ಮಿಂಚುಳ್ಳಿಗೆ ಕಾಣುತ್ತೆ. ಕಪ್ಪು ಬಿಳುಪಿನ ಮಿಂಚುಳ್ಳಿ ಐತಲ್ಲ, ಅದು ಗಾಳಿಯಲ್ಲೇ ನಿಂತು ರೆಕ್ಕೆ ಬಡೀತಾ ಗುರಿ ನೋಡಿ ದಬಕ್ ಅಂತ ಬೀಳುತ್ತೆ. ಬೆಳ್ಳಕ್ಕಿ ದಂಡೇಲೇ ತಪಸ್ಸಿಗೆ ನಿಂತಿರುತ್ತೆ. ನೀರುಕಾಗೆ ಹಿಂಡು ಬಂತು ಅಂದ್ರೆ ಅವು ಮುಳುಗಿ ಅಟ್ಟಿಸ್ಕೊಂಡು ಹೋಗ್ತಾವೆ, ನೀರೊಳ್ಳೆ ಹಾವು ಜೊಂಡಿನ ಬುಡದಿಂದ ಬರುತ್ತೆ, ಬಾಳೆ ಮೀನು ಕೆಳಗಿಂದ. ಏರೋಪ್ಲೇನ್ ಚಿಟ್ಟೆಯ ಮರಿ ನೀರೊಳಗೆ ಬೆಳೆಯುತ್ತಲ್ಲ, ಆ ಬೆರಳುಗುರಿನಷ್ಟು ಹುಳ ಕೂಡ ಹೊಸದಾಗಿ ಒಡೆದ ಮೀನಿನ ಮರಿ ಹಿಡಿದು ತಿನ್ನುತ್ತೆ. ಇಷ್ಟೂ ಜನಕ್ಕೆ ಅಡ್ಡ ನಿಲ್ಲೋದು ಅಪ್ಪ ಅಮ್ಮ ಎರಡೇ ಮೀನು. ಗುಂಪಿನ ಕೆಳಗೇ ಇರ್ತಾವೆ, ದೂರ ಹೋಗಲ್ಲ, ನೀರು ಸ್ವಲ್ಪ ಅಲುಗಾಡಿದ್ರೂ ನುಗ್ಗಿ ಬರ್ತಾವೆ. ಒಂದು ದಿನ ಒಂದು ನೀರೊಳ್ಳೆ ತಲೆ ಎತ್ಕೊಂಡು ಬರ್ತಿತ್ತು, ಕೆಳಗಿಂದ ಎಂಥಾ ಏಟು ಬಿತ್ತು ಅಂದ್ರೆ ಹಾವು ಅರ್ಧ ಮೈ ನೀರಿಂದ ಮೇಲೆ ಎದ್ದು ತಿರುಗಿ ಹೋಯ್ತು.

ಮನುಷ್ಯನ ವಿಷಯಕ್ಕೆ ಬಂದ್ರೆ ಇದೇ ಕಾವಲು ಅವಕ್ಕೆ ಉರುಳಾಗುತ್ತೆ. ಕೆಂಪು ಗುಂಪು ಕಂಡ್ರೆ ಕೆಳಗೆ ದೊಡ್ಡ ಮೀನು ಐತೆ ಅಂತ ಗಾಳ ಹಾಕೋರಿಗೆಲ್ಲಾ ಗೊತ್ತು, ಗುಂಪಿನ ಮೇಲೇ ರಬ್ಬರ್ ಕಪ್ಪೆ ಎಸೀತಾರೆ, ಮೀನಿಗೆ ಹಸಿವಿರಲ್ಲ, ಮರಿ ತಿನ್ನೋಕೆ ಏನೋ ಬಂತು ಅಂತ ಕಚ್ಚುತ್ತೆ. ಹೋದ ವರ್ಷ ಇದೇ ಮಡುವಲ್ಲಿ ಬೆಳಿಗ್ಗೆ ಏಳಕ್ಕೆ ಇಬ್ಬರು ಬಂದು ಅರ್ಧ ಗಂಟೇಲಿ ಎರಡನ್ನೂ ಎತ್ಕೊಂಡು ಹೋದ್ರು. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅದು ಈಗಲೂ ಚುಚ್ಚುತ್ತೆ. ಸಂಜೆ ಮತ್ತೆ ಹೋದೆ. ಗುಂಪು ಒಡೆದು ನಾಲ್ಕು ಚೂರಾಗಿತ್ತು, ಬೆಳ್ಳಕ್ಕಿ ಏಳೆಂಟು ಇಳಿದಿದ್ವು, ಪಕ್ಕೆ ಅನ್ನೋ ಸಣ್ಣ ಮೀನುಗಳು ಕೂಡ ನುಗ್ಗಿ ತಿಂತಿದ್ವು. ಮಾರನೇ ದಿನ ನೀರು ಸುಮ್ಮನೆ ಇತ್ತು. ಹೊಟ್ಟೆಪಾಡಿಗೆ ಬಲೆ ಹಾಕೋರನ್ನ ನಾನು ಬೈತಿಲ್ಲ. ಅವರಲ್ಲೇ ಒಬ್ಬ ಹಿರಿಯರು, ತೆಪ್ಪ ಹಾಕೋರು, ಮರಿ ಜೊತೆ ಇರೋ ತಾಯಿನ ಮುಟ್ಟಬಾರದು ಕಣಪ್ಪ, ಮುಂದಿನ ವರ್ಷ ಹೊಳೇಲಿ ಏನ್ ಹುಡುಕ್ತೀಯ ಅಂತ ನನಗೆ ಹೇಳಿದ್ದು. ಶೋಕಿಗೆ ಬಂದು ಫೋಟೋ ತೆಗೆಸ್ಕೊಳ್ಳೋರು ತಿಂಗಳು ಕಾಯೋಕೆ ಏನು ಕಷ್ಟ? ಮರಿ ಜೊತೆ ಅಪ್ಪ ಅಮ್ಮ ಇರೋದು ಹೆಚ್ಚುಕಮ್ಮಿ ಅಷ್ಟೇ ದಿನ.

ಜಿಲೇಬಿ ಮೀನಿಗೆ, ಟಿಲಾಪಿಯಾ ಅಂತಾರಲ್ಲ ಅದಕ್ಕೆ, ಈ ಭಯ ಕಮ್ಮಿ, ಹೆಣ್ಣು ಮೊಟ್ಟೆ ಮರಿ ಎಲ್ಲಾ ಬಾಯೊಳಗೇ ಇಟ್ಕೊಂಡು ತಿರುಗುತ್ತೆ. ಅದು ಆಫ್ರಿಕಾದ್ದು, 1952ರಲ್ಲಿ ದೇಶಕ್ಕೆ ತಂದಿದ್ದು, ಈಗ ಕೆರೆ ಕೆರೇಲೂ ಅದೇ. ನಮ್ಮ ಪಕ್ಕೆ ಮೀನುಗಳದ್ದು ಬೇರೆ ದಾರಿ, ಮೊದಲ ಕೆಂಪು ನೀರು ಬರೋವರೆಗೂ ಮೊಟ್ಟೆ ಹೊಟ್ಟೇಲೇ ಇಟ್ಕೊಂಡು ಕಾಯ್ತಾವೆ. ಮಿರಗದ, ಅಂದ್ರೆ ಮೃಗಶಿರಾ ಮಳೆಗೆ ಸೂಳೆಕೆರೆ ಹಳ್ಳ ಬಂದು ಹೊಳೆಗೆ ಸೇರುತ್ತಲ್ಲ, ಆಗ ಎದುರು ಹರಿವಿಗೆ ಹತ್ತಿ ಗದ್ದೆ ಬದುವಿನವರೆಗೂ ಹೋಗಿ ಮೊಟ್ಟೆ ಇಡ್ತಾವೆ, ಅಲ್ಲಿ ಜನ ಮೀನು ಹಿಡಿಯೋ ಕೂಳಿ ಇಟ್ಕೊಂಡು ಕೂತಿರ್ತಾರೆ. ಮಿರಗ ಕೂಡೋ ದಿನ ಮೀನು ತಿನ್ನಬೇಕು ಅನ್ನೋ ಪದ್ಧತಿ ಎಷ್ಟೋ ಮನೇಲಿ ಐತೆ, ಮೊಟ್ಟೆ ತುಂಬಿದ ಮೀನಿಗೂ ಅದೇ ದಿನ ಬರಬೇಕಾ ಅಂತ ಸಂಕಟ ಆಗುತ್ತೆ.

ಈ ವರ್ಷದ ಜೋಡಿ ಇನ್ನೂ ಐತೆ. ಮೊನ್ನೆ ಗಾಳ ಹಿಡಿದು ಇಬ್ಬರು ಹುಡುಗರು ಬಂದಿದ್ರು, ಈ ಸಲ ಸುಮ್ಮನಿರಲಿಲ್ಲ, ಹತ್ತಿರ ಕೂರಿಸ್ಕೊಂಡು ಗುಂಪು ತೋರಿಸಿದೆ, ಒಬ್ಬ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡ, ಆಮೇಲೆ ಕೆಳಗಿನ ಮಡುಗೆ ಹೋದ್ರು. ಮರಿಗಳು ಕಮ್ಮಿಯಾಗಿದಾವೆ, ಅರ್ಧಕ್ಕರ್ಧ ಹೋಗಿರಬಹುದು ಅನ್ಸುತ್ತೆ, ಉಳಿದಿದ್ದು ಬೆರಳುದ್ದ ಆಗೋಕೆ ಬಂದಿದಾವೆ, ಕೆಂಪು ಹೋಗಿ ಬೆನ್ನ ಮೇಲೆ ಹಸಿರು ಕಂದು ತಿರುಗ್ತಾ ಐತೆ. ಇವತ್ತು ಬೆಳಿಗ್ಗೆ ಮಿಂಚುಳ್ಳಿ ಮೂರು ಸಲ ಬಿತ್ತು. ಎರಡು ಸಲ ಕೊಕ್ಕಲ್ಲಿ ಏನೋ ಇತ್ತು. ಮೂರನೇ ಸಲ ಅದು ಬೀಳೋದಕ್ಕೂ ಕೆಳಗಿಂದ ಕರಿ ಬೆನ್ನು ಎದ್ದು ನೀರು ಒಡೆಯೋದಕ್ಕೂ ಸರಿಹೋಯ್ತು, ಹಕ್ಕಿ ಖಾಲಿ ಕೊಕ್ಕಲ್ಲಿ ಬ್ರಿಡ್ಜ್ ಕಡೆ ಹಾರಿತು.