ಕ್ಯಾಂಟೀನ್ ಸಾಲು, ಕಾರ್ಗಿಲ್ ಭಾಷಣ, ಮಗಳ ಫಾರಂ

28 ಜುಲೈ 2024, ಭಾನುವಾರ
ಹಾಸನ

ಮಳೆ ನಿಲ್ಲುವ ಲಕ್ಷಣ ಇಲ್ಲ. ಹಾಲ್‌ನಲ್ಲೇ ಹಗ್ಗ ಕಟ್ಟಿ, ಫ್ಯಾನ್ ಹಾಕಿ ಬಟ್ಟೆ ಒಣಗಿಸುತ್ತಿದ್ದೇವೆ. ಶುಕ್ರವಾರ ಸಕಲೇಶಪುರದ ಆಚೆ ಯಡಕುಮೇರಿ ಹತ್ತಿರ ಗುಡ್ಡ ಜರಿದು, ಮಂಗಳೂರು ಕಡೆಯ ರೈಲುಗಳೆಲ್ಲ ರದ್ದಾಗಿವೆ. ಆದರೂ ಊರಿನಲ್ಲಿ ಯಾರೂ ಮಳೆಯನ್ನು ಬೈಯುತ್ತಿಲ್ಲ. ಹೋದ ವರ್ಷದ ಬರ ಇನ್ನೂ ಯಾರಿಗೂ ಮರೆತಿಲ್ಲವಲ್ಲ.

ನಿನ್ನೆ ನಾಲ್ಕನೇ ಶನಿವಾರ, ಸೈನ್ಯದಿಂದ ಪೆನ್ಷನ್ ಬಂದ ಮೇಲೆ ನಾನು ಕ್ಲರ್ಕ್ ಆಗಿರುವ ಬ್ಯಾಂಕಿಗೆ ರಜೆ. ಬೆಳಗ್ಗೆಯೇ ಕ್ಯಾಂಟೀನ್‌ಗೆ ಹೋದೆ. ಮಿಲಿಟರಿ ಕ್ಯಾಂಟೀನ್ ಅಂದರೆ ಹೊರಗಿನವರಿಗೆ ರಮ್ ಒಂದೇ ನೆನಪಾಗುತ್ತದೆ. ನಮ್ಮ ಮನೆಗೆ ಬರುವುದು ಜಾಸ್ತಿ ಸೋಪು, ಪೇಸ್ಟು, ಬಟ್ಟೆ ಒಗೆಯುವ ಪುಡಿ. ತಿಂಗಳ ಕೊನೆ, ಹಾಗಾಗಿ ಸಾಲು ಬಾಗಿಲಿನಿಂದಾಚೆ ಬಂದಿತ್ತು. ಎಲ್ಲರ ಕೈಯಲ್ಲೂ ಕಾರ್ಡು. ಒಬ್ಬೊಬ್ಬರೂ ಅದನ್ನು ಎರಡೆರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡಿದ್ದರು. ನನ್ನ ಮುಂದೆ ಅರಕಲಗೂಡು ಕಡೆಯ ಸುಬೇದಾರ್ ಸಾಹೇಬರು, ಮಂಕಿ ಕ್ಯಾಪ್ ಹಾಕಿಕೊಂಡು ನಿಂತಿದ್ದರು. ನನ್ನನ್ನು ನೋಡಿದ್ದೇ ತಡ, ದ್ರಾಸ್ ಭಾಷಣದ ವಿಚಾರ ತೆಗೆದರು.

ಮೊನ್ನೆ 26ಕ್ಕೆ ಕಾರ್ಗಿಲ್ ವಿಜಯಕ್ಕೆ 25 ವರ್ಷ ಆಯಿತು. ಪ್ರಧಾನಿ ದ್ರಾಸ್‌ಗೆ ಹೋಗಿ ಮಾತಾಡಿದರು. ಹುಡುಗರನ್ನು ನಾಲ್ಕೇ ವರ್ಷಕ್ಕೆ ಸೈನ್ಯಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ತಂದಿರುವುದು ಸೈನ್ಯ ಚಿಕ್ಕ ವಯಸ್ಸಿನವರಿಂದ ತುಂಬಿರಲಿ ಅಂತ, ಪೆನ್ಷನ್ ದುಡ್ಡು ಉಳಿಸೋದಕ್ಕಲ್ಲ, ಈಗ ಸೇರಿದವರ ಪೆನ್ಷನ್ ಪ್ರಶ್ನೆ ಬರುವುದು 30 ವರ್ಷದ ನಂತರ, ಅಂತ ಅಲ್ಲಿ ಹೇಳಿದ್ದು.

"ಮೂವತ್ತು ವರ್ಷ ಅಂದ್ರಲ್ಲಪ್ಪ. ನೀನು ಎಷ್ಟು ವರ್ಷಕ್ಕೆ ಪೆನ್ಷನ್ ಬಂದೆ?" ಅಂದರು ಸಾಹೇಬರು.

"ಹದಿನೇಳಕ್ಕೆ ಸಾಬ್."

"ಮತ್ತೆ?"

ಹಿಂದಿನಿಂದ ಆರ್ಟಿಲರಿಯ ಹವಲ್ದಾರ್ ಒಬ್ಬರು ಸುಮ್ಮನಿರಲಿಲ್ಲ. "ಅದೆಲ್ಲ ಇರ್ಲಿ ಸಾಬ್, ಒಆರ್‌ಒಪಿ ಕೊಟ್ಟಿದ್ ಯಾರು? ನಲವತ್ತು ವರ್ಷ ಕೇಳಿದ್ವಲ್ಲ, ಆಗ ಯಾರು ಕೊಟ್ರು?" ಅಷ್ಟೇ. ಸಾಲು ಎರಡು ಪಕ್ಷವಾಯಿತು. ಒಳಗೆ ಹುಡುಗ ಟೋಕನ್ ನಂಬರ್ ಕೂಗುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ.

ಇಬ್ಬರ ಮಾತಿನಲ್ಲೂ ಹುರುಳಿದೆ. ಒಂದು ರ್‍ಯಾಂಕ್ ಒಂದು ಪೆನ್ಷನ್ (ಅದೇ ಒಆರ್‌ಒಪಿ, ಒಂದೇ ದರ್ಜೆಯಲ್ಲಿ ಅಷ್ಟೇ ವರ್ಷ ದುಡಿದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪೆನ್ಷನ್) ಆದೇಶ ಬಂದಿದ್ದು 2015ರ ನವೆಂಬರ್ 7ರಂದು. ಅದಕ್ಕೂ ಮುಂಚೆ ವಯಸ್ಸಾದವರೆಲ್ಲ ಮೆಡಲ್ ಹಾಕಿಕೊಂಡು ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕೂತಿದ್ದರು. ಕೊಟ್ಟದ್ದು ಈ ಸರ್ಕಾರವೇ, ಕೂರಿಸಿದ್ದೂ ಇದೇ ಸರ್ಕಾರ. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು. ಈ ಜುಲೈ 1ರಿಂದ ಹೊಸ ಲೆಕ್ಕ ಬರಬೇಕು. ವಾಟ್ಸಾಪ್‌ನಲ್ಲಿ ಆಗಲೇ ಟೇಬಲ್‌ಗಳು ಓಡಾಡುತ್ತಿವೆ, ಒಂದಕ್ಕೊಂದು ತಾಳೆ ಇಲ್ಲ.

ಹೋದ ಮಂಗಳವಾರದ ಬಜೆಟ್‌ನಲ್ಲಿ ರಕ್ಷಣೆಗೆ 6.21 ಲಕ್ಷ ಕೋಟಿ. ಅದರಲ್ಲಿ ಪೆನ್ಷನ್ನಿಗೇ 1.41 ಲಕ್ಷ ಕೋಟಿ. ಇಷ್ಟು ದೊಡ್ಡ ಮೊತ್ತದ ಬಗ್ಗೆ ಯಾವ ಸರ್ಕಾರವಾದರೂ ಯೋಚನೆ ಮಾಡಲೇಬೇಕು, ಅದು ತಪ್ಪಲ್ಲ. ದುಡ್ಡಿನ ಲೆಕ್ಕ ಅಲ್ಲವೇ ಅಲ್ಲ ಅಂತ ಹೇಳಿದಾಗ ಮಾತ್ರ ನಗು ಬರುತ್ತದೆ. ಸಿಪಾಯಿಗೆ 15 ವರ್ಷಕ್ಕೇ ಪೆನ್ಷನ್ ಅರ್ಹತೆ ಬರುತ್ತದೆ ಅನ್ನುವುದು ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತು. (ನಮ್ಮ ಮನೆಯವಳಿಗೆ ಬಜೆಟ್‌ನಲ್ಲಿ ಕಂಡಿದ್ದು ಒಂದೇ, ಚಿನ್ನದ ಸುಂಕ 15ರಿಂದ 6 ಪರ್ಸೆಂಟಿಗೆ ಇಳಿದದ್ದು. "ಬಳೆ ಈಗಲೇ ಮಾಡಿಸೋಣ, ಮತ್ತೆ ಏರುತ್ತೆ" ಅಂತ ಅವತ್ತಿನಿಂದ ಹೇಳುತ್ತಿದ್ದಾಳೆ. ಕಾಲೇಜು ಫೀಸ್ ಕಟ್ಟಿದ ಮೇಲೆ ನೋಡೋಣ ಅಂದಿದ್ದೇನೆ.)

ಈ ತಿಂಗಳ ಮೊದಲನೇ ತಾರೀಖು ಲೋಕಸಭೆಯಲ್ಲಿ ಆದ ಜಗಳವನ್ನೂ ನೋಡಿದೆ. ಅಗ್ನಿವೀರ, ಅಂದರೆ ಅಗ್ನಿಪಥದಲ್ಲಿ ಸೇರಿದ ಹುಡುಗ, ಸತ್ತರೆ ಮನೆಯವರಿಗೆ ಏನೂ ಸಿಗಲ್ಲ ಅಂದರು ರಾಹುಲ್ ಗಾಂಧಿ. ಒಂದು ಕೋಟಿ ಕೊಡುತ್ತೇವೆ ಅಂತ ರಾಜನಾಥ್ ಸಿಂಗ್ ಎದ್ದು ನಿಂತರು. ಆಮೇಲೆ ಸೈನ್ಯದವರೂ ಒಂದು ಕುಟುಂಬಕ್ಕೆ ಎಷ್ಟು ಕೊಟ್ಟಿದ್ದೇವೆ ಅಂತ ಲೆಕ್ಕ ಬಿಡುಗಡೆ ಮಾಡಬೇಕಾಯಿತು. ವಾರವಿಡೀ ಟೀವಿಯಲ್ಲಿ ಇದೇ. ಸತ್ತವರಿಗೆ ಎಷ್ಟು ಅನ್ನುವ ಜಗಳದಲ್ಲಿ ಬದುಕಿ ಬಂದವನನ್ನು ಯಾರೂ ಕೇಳಲಿಲ್ಲ. ನೂರಕ್ಕೆ 75 ಜನ ನಾಲ್ಕು ವರ್ಷಕ್ಕೆ ಮನೆಗೆ ಬರುತ್ತಾರೆ. ವಯಸ್ಸು 22, 23, ಹೆಚ್ಚೆಂದರೆ 27. ಆ ಹುಡುಗ ಮುಂದೆ ಏನು ಓದಬೇಕು? ಓದಿಗೆ ಯಾರು ಕೊಡುತ್ತಾರೆ? ಯೋಜನೆ ರದ್ದು ಮಾಡುತ್ತೇವೆ ಅಂತ ಪ್ರಣಾಳಿಕೆಯಲ್ಲಿ ಬರೆದವರೂ ಇದನ್ನು ಕೇಳಿದ್ದು ನಾನು ನೋಡಿಲ್ಲ.

(ಹಾಸನದ ರಾಜಕೀಯದ ಬಗ್ಗೆ ಈ ವರ್ಷ ನಾನೇನೂ ಬರೆಯುವುದಿಲ್ಲ. ಬ್ಯಾಂಕ್ ಕೌಂಟರಿನಲ್ಲಿ ಕೂತವನಿಗೆ ಎಲ್ಲ ಪಕ್ಷದವರೂ ಗಿರಾಕಿಗಳು.)

ನನ್ನ ಕತೆ ಹೇಳುತ್ತೇನೆ, ಯಾಕೆ ಇದು ನನಗೆ ಇಷ್ಟು ತಾಗುತ್ತದೆ ಅಂತ. ಎಸ್ಸೆಸ್ಸೆಲ್ಸಿ ಪಾಸಾಗಿ ಸೇರಿದವನು ನಾನು. ಬೆಂಗಳೂರಿನ ಎಂಇಜಿ ಸೆಂಟರ್, ಅಂದರೆ ಮದ್ರಾಸ್ ಸ್ಯಾಪರ್ಸ್, ಸೈನ್ಯದ ಎಂಜಿನಿಯರ್ ಪಡೆ. ನಮ್ಮನ್ನು ಎಲ್ಲರೂ ಕರೆಯುವುದು ತಂಬಿ ಅಂತ, ಕನ್ನಡದವನಾದರೂ ತಂಬಿಯೇ. ಕಾರ್ಗಿಲ್ ವೇಳೆಗೆ ಹೊಸ ಸ್ಯಾಪರ್, ರಾಜಸ್ಥಾನದ ಗಡಿಯಲ್ಲಿದ್ದೆ. ಬೆಟ್ಟ ಹತ್ತಿದವರಲ್ಲಿ ನಾನಿಲ್ಲ. ಜುಲೈ 26 ಬಂದರೆ ಅಪಾರ್ಟ್‌ಮೆಂಟಿನವರು ಶಾಲು ಹೊದಿಸೋಕೆ ಬರುತ್ತಾರೆ, ಅವರಿಗೂ ಇದನ್ನೇ ಹೇಳುತ್ತೇನೆ. ಅವರು ಕೇಳಿಸಿಕೊಳ್ಳುವುದಿಲ್ಲ, ಶಾಲು ಹೊದಿಸಿಯೇ ಹೋಗುತ್ತಾರೆ.

ಮೆಟ್ರಿಕ್ ಆಗಿ 15 ವರ್ಷ ಸರ್ವಿಸ್ ಮಾಡಿದವನನ್ನು ಗ್ರೂಪ್ ಸಿ ಕೆಲಸಗಳಿಗೆ ಪದವೀಧರನ ಸಮ ಅಂತ ಪರಿಗಣಿಸುವ ನಿಯಮವಿದೆ. ಆ ಗ್ರ್ಯಾಜುಯೇಷನ್ ಸರ್ಟಿಫಿಕೇಟ್ ಹಿಡಿದುಕೊಂಡೇ ನಾನು ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಬರೆದದ್ದು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಯಲ್ಲಿ ಮಾಜಿ ಸೈನಿಕರಿಗೆ 14.5 ಪರ್ಸೆಂಟ್ ಮೀಸಲು. ಅದಿಲ್ಲದಿದ್ದರೆ ಬಿಕಾಂ, ಎಂಬಿಎ ಮಾಡಿ ಬಂದ ಹುಡುಗರ ಮುಂದೆ ನಾನೆಲ್ಲಿ? ಮಾಡಿಕೊಂಡಿದ್ದು ಸೇತುವೆ ಕಟ್ಟೋ ಕೆಲಸ, ನೆಲದಲ್ಲಿ ಹೂತಿಟ್ಟ ಬಾಂಬು, ಅಂದರೆ ಮೈನ್ ತೆಗೆಯೋ ಕೆಲಸ. ಮೊದಲ ತಿಂಗಳು ನೋಟಿನ ಕಟ್ಟು ಎಣಿಸುವಾಗ ಬೆರಳು ಓಡುತ್ತಿರಲಿಲ್ಲ. ಈಗ ಮೆಷಿನ್ ಇದ್ದರೂ ಕೈಯಲ್ಲಿ ಹಿಡಿದರೆ ಹರಿದ ನೋಟು ಗೊತ್ತಾಗುತ್ತದೆ. ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ಕೇಳೋಕೆ ಬರುವ ಅಮ್ಮಂದಿರಿಗೆಲ್ಲ ನಾನು ಮಿಲಿಟರಿ ಅಣ್ಣ.

ಆಮೇಲೆ ಮಗಳ ಸರದಿ. ಸಿಇಟಿಯಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಎಕ್ಸ್‌ಡಿ ಅಂತ ಒಂದು ಕೋಟಾ ಇದೆ, ಸೀಟು ಕಡಿಮೆ, ಆದರೂ ಇದೆ. ಇನ್ನೊಂದು ಪ್ರಧಾನಮಂತ್ರಿ ಸ್ಕಾಲರ್‌ಶಿಪ್. ಪಿಯುಸಿಯಲ್ಲಿ 60 ಪರ್ಸೆಂಟ್ ಇರಬೇಕು, ವೃತ್ತಿಪರ ಕೋರ್ಸಿನ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ವರ್ಷಕ್ಕೊಮ್ಮೆ ಒಟ್ಟಿಗೆ ಖಾತೆಗೆ ಬರುತ್ತದೆ. 2019ರ ಮೇ 31ರಂದು ಹೊಸ ಸಂಪುಟದ ಮೊದಲ ತೀರ್ಮಾನವೇ ಈ ಮೊತ್ತ ಏರಿಸಿದ್ದು. ಒಳ್ಳೆಯ ಕೆಲಸ, ಒಳ್ಳೆಯದು ಅಂತಲೇ ಹೇಳಬೇಕು. (ಈ ಸಲ ಗೆದ್ದ ಮೇಲೆ ಪ್ರಧಾನಿಯ ಮೊದಲ ಸಹಿ ರೈತರ ಪಿಎಂ ಕಿಸಾನ್ ದುಡ್ಡಿನ 17ನೇ ಕಂತಿಗೆ. ಊರಿನಲ್ಲಿ ಅಪ್ಪ ಖುಷಿ.) ಆದರೆ ಇಡೀ ದೇಶಕ್ಕೆ ವರ್ಷಕ್ಕೆ 5,500 ಸ್ಕಾಲರ್‌ಶಿಪ್. ವರ್ಷಕ್ಕೆ ಪೆನ್ಷನ್ ಬರುವವರೇ ಸುಮಾರು 60 ಸಾವಿರ ಜನ. ಯುದ್ಧದಲ್ಲಿ ಹೋದವರ, ಗಾಯಗೊಂಡವರ ಮಕ್ಕಳಿಗೆ ಮೊದಲು, ಹಾಗೇ ಆಗಬೇಕು. ಕಡೆಗೆ ಉಳಿದದ್ದರಲ್ಲಿ ನಮ್ಮಂಥವರ ಮಕ್ಕಳು ಮಾರ್ಕ್ಸ್ ಮೇಲೆ ಪೈಪೋಟಿ.

ಮಗಳಿಗೆ ಬಿಎಸ್ಸಿ ಅಗ್ರಿ ಬೇಕು, ಅದೂ ಇಲ್ಲೇ ಕಾರೇಕೆರೆ ಕಾಲೇಜಿನಲ್ಲಿ. ಅವಳಮ್ಮನಿಗೆ ಕಂಪ್ಯೂಟರ್ ಸೈನ್ಸ್ ಬೇಕು. ಈ ಸಲದ ಸಿಇಟಿಯಲ್ಲಿ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಯಿತಲ್ಲ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಈಗ ಇಬ್ಬರೂ ಆಪ್ಷನ್ ಪಟ್ಟಿಯನ್ನು ಸರದಿಯ ಮೇಲೆ ಬದಲಾಯಿಸುತ್ತಿದ್ದಾರೆ. ನಾನು ಕಾಗದಪತ್ರದ ಕಡೆ ಮಾತ್ರ. ಸೈನ್ಯ ಬಿಡುವಾಗ ನನಗೆ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಅವಳ ಹೆಸರಿಗೆ ಒಂದು ಎಚ್ ಜಾಸ್ತಿ ಬಿದ್ದಿದೆ. ಯಾವಾಗಲೋ ಯಾರೋ ಕ್ಲರ್ಕ್ ಟೈಪ್ ಮಾಡಿದ್ದು. ಮಾರ್ಕ್ಸ್ ಕಾರ್ಡಿನಲ್ಲಿ ಎಚ್ ಇಲ್ಲ. ಒಂದು ಕಚೇರಿಯಲ್ಲಿ ಅಫಿಡವಿಟ್ ಸಾಕು ಅಂದರು, ಇನ್ನೊಂದರಲ್ಲಿ ಸೈನ್ಯದ ರೆಕಾರ್ಡ್ಸ್‌ನಿಂದಲೇ ತಿದ್ದಿಸಿಕೊಂಡು ಬನ್ನಿ ಅಂದರು. ಮೈನ್ ಪತ್ತೆ ಮಾಡೋದೇ ಇದಕ್ಕಿಂತ ಸಲೀಸು. ನೆಲದಲ್ಲಿ ಲೋಹ ಇದ್ದರೆ ಮೆಷಿನ್ ಕೂಗುತ್ತಿತ್ತು, ಕಚೇರಿಯಲ್ಲಿ ಎಲ್ಲಿ ಏನು ಹೂತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಕ್ಯಾಂಟೀನಿನಿಂದ ಬಂದು ನೋಡಿದರೆ ಅಕ್ಕನ ಮಗ ಮನೆಯಲ್ಲಿ ಕೂತಿದ್ದ. ಅಗ್ನಿವೀರರ ಮೊದಲ ಬ್ಯಾಚಿನವನು, 2023ರ ಜನವರಿಯಲ್ಲಿ ಟ್ರೈನಿಂಗ್ ಶುರುವಾಯಿತು. ವರ್ಷಕ್ಕೆ ಅವನಿಗೆ 30 ದಿನ ರಜೆ. ನಮಗೆ 60 ಇತ್ತು, ಅದರ ಮೇಲೆ ಸಿಎಲ್ ಬೇರೆ. ಮೈ ಕಟ್ಟು ಚೆನ್ನಾಗಾಗಿದೆ, ಮಾತು ಕಡಿಮೆಯಾಗಿದೆ. ಮಗಳ ಫಾರಂಗಳನ್ನು ಒಂದೊಂದಾಗಿ ತಿರುವಿ ನೋಡುತ್ತಾ ಕೇಳಿದ:

"ಮಾವ, ಇದೆಲ್ಲ ನಂಗೂ ಬರುತ್ತಾ?"

ಈಗಿನ ನಿಯಮದಲ್ಲಿ ಬರುವುದಿಲ್ಲ. ನಾಲ್ಕು ವರ್ಷದ ಮೇಲೂ ಸೈನ್ಯ ಇಟ್ಟುಕೊಳ್ಳುವ 25 ಪರ್ಸೆಂಟಿನಲ್ಲಿ ಉಳಿದುಕೊಂಡರೆ ಸರಿ. ಇಲ್ಲದಿದ್ದರೆ ಅವನು ಮಾಜಿ ಸೈನಿಕ ಅಂತ ಲೆಕ್ಕಕ್ಕೇ ಇಲ್ಲ. ಪೆನ್ಷನ್, ಕ್ಯಾಂಟೀನು, ಆಸ್ಪತ್ರೆ, ಎಕ್ಸ್‌ಡಿ ಕೋಟಾ, ಮಕ್ಕಳ ಸ್ಕಾಲರ್‌ಶಿಪ್, ನನ್ನ 15 ವರ್ಷದ ಸರ್ಟಿಫಿಕೇಟು, ಎಲ್ಲ ಮಾಜಿ ಸೈನಿಕ ಅನ್ನುವ ಒಂದೇ ಗೂಟಕ್ಕೆ ಕಟ್ಟಿದ್ದು. ಗೂಟವೇ ಇಲ್ಲ ಅಂದರೆ ಯಾವುದೂ ಇಲ್ಲ. ಪೆನ್ಷನ್ ಹೋಯಿತು ಅಂತ ಎಲ್ಲರೂ ಕೂಗುತ್ತಾರೆ. ನನ್ನನ್ನು ಕೇಳಿದರೆ, ನಮ್ಮಂಥ ಮನೆಗಳನ್ನು ಹೊಲದಿಂದ ಕಾಲೇಜಿಗೆ ದಾಟಿಸಿದ್ದು ಪೆನ್ಷನ್ ಮಾತ್ರ ಅಲ್ಲ, ಈ ಚಿಕ್ಕ ಚಿಕ್ಕ ಬಾಗಿಲುಗಳು.

ಅವನಿಗೆ ಏನೂ ಇಲ್ಲ ಅಂತಲೂ ಅಲ್ಲ. ನಾಲ್ಕು ವರ್ಷ ಮುಗಿದಾಗ ಸೇವಾ ನಿಧಿ ಅನ್ನುವ ಇಡಿಗಂಟು, ಬಡ್ಡಿ ಸೇರಿ ಸುಮಾರು 11.71 ಲಕ್ಷ ಬರುತ್ತದೆ, ಅರ್ಧ ಅವನ ಸಂಬಳದಲ್ಲೇ ಹಿಡಿದಿದ್ದು. ದೂರಶಿಕ್ಷಣದ ಇಗ್ನೊ ವಿಶ್ವವಿದ್ಯಾಲಯದ ಪದವಿಗೆ ಹೆಸರು ನೋಂದಾಯಿಸಬಹುದು, ಅರ್ಧ ಕ್ರೆಡಿಟ್ ಸೈನ್ಯದ ತರಬೇತಿಯಿಂದಲೇ ಸಿಗುತ್ತದೆ. ಒಳ್ಳೆಯ ಯೋಚನೆ, ಕಾಗದದ ಮೇಲೆ. "ಪುಸ್ತಕ ಟ್ರಂಕ್‌ನಲ್ಲಿದೆ ಮಾವ. ನೈಟ್ ಡ್ಯೂಟಿ ಮುಗ್ಸಿ ಬಂದ್ರೆ ಅಕ್ಷರ ಕಾಣಲ್ಲ" ಅಂದ. ಅದರ ಮೇಲೆ ಪ್ರತಿಯೊಬ್ಬನೂ ಆ 25ರಲ್ಲಿ ಬರಬೇಕು ಅಂತ ಪಕ್ಕದವನನ್ನು ನೋಡುತ್ತಾ ಓಡುವವನು. ಓದೋದು ಯಾವಾಗ?

ಮೊನ್ನೆ ಶುಕ್ರವಾರವೇ ಉತ್ತರ ಪ್ರದೇಶ, ಮಧ್ಯಪ್ರದೇಶ, ಒಡಿಶಾ ಸೇರಿ ಬಿಜೆಪಿ ಆಡಳಿತದ ಹಲವು ರಾಜ್ಯಗಳು ಅಗ್ನಿವೀರರಿಗೆ ಪೊಲೀಸ್ ಕೆಲಸದಲ್ಲಿ ಮೀಸಲಾತಿ ಅಂದವು. ಬಿಎಸ್‌ಎಫ್, ಸಿಐಎಸ್‌ಎಫ್‌ನಲ್ಲಿ 10 ಪರ್ಸೆಂಟ್ ಅಂತ 2023ರಲ್ಲೇ ಹೇಳಿದ್ದರು. ಸಂತೋಷ. ಆದರೆ ಎಲ್ಲವೂ ಮತ್ತೆ ಅದೇ ಬೂಟು, ಅದೇ ಗೇಟು. ಕಾಲೇಜಿನಲ್ಲಿ ಸೀಟು ಕೊಡುತ್ತೇವೆ, ಫೀಸ್ ನಾವು ಕಟ್ಟುತ್ತೇವೆ, ಮೂರು ವರ್ಷ ಓದು ಅಂತ ಒಬ್ಬರೂ ಅನ್ನಲಿಲ್ಲ.

ಹೊರದೇಶಗಳಲ್ಲೂ ಕಡಿಮೆ ಅವಧಿಗೇ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾರೆ ಅಂತ ಟೀವಿಯಲ್ಲಿ ಹೇಳುತ್ತಾರಲ್ಲ, ಅವರು ಪೂರ್ತಿ ಹೇಳಲಿ. ಅಮೆರಿಕದಲ್ಲಿ 1944ರ ಜೂನ್‌ನಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಜಿಐ ಬಿಲ್ ಅಂತ ಕಾನೂನು ಮಾಡಿದರು. ಅದರಲ್ಲಿ 22 ಲಕ್ಷ ಜನ ಕಾಲೇಜು ಮೆಟ್ಟಿಲು ಹತ್ತಿದರು. ಕರಿಯ ಸೈನಿಕರಿಗೆ ಎಷ್ಟೋ ಕಾಲೇಜುಗಳು ಬಾಗಿಲು ಹಾಕಿದವು, ಅದೂ ನಿಜ. ಈಗಿನ ಅಲ್ಲಿಯ ನಿಯಮದಲ್ಲಿ ಮೂರು ವರ್ಷ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದವನಿಗೆ 36 ತಿಂಗಳು ಓದಿನ ಖರ್ಚು, ಮೇಲೆ ಬಾಡಿಗೆಗೆ, ಪುಸ್ತಕಕ್ಕೆ ದುಡ್ಡು. ಅವರಷ್ಟು ದುಡ್ಡು ನಮ್ಮಲ್ಲಿಲ್ಲ, ಒಪ್ಪಿದೆ. ನಾಲ್ಕು ವರ್ಷದ ಮಾದರಿ ಮಾತ್ರ ಅಲ್ಲಿಂದ ತರುತ್ತೇವೆ, ನಂತರದ್ದು ಬೇಡ ಅಂದರೆ ಹೇಗೆ? ಸರ್ಕಾರಿ ಡಿಗ್ರಿ ಕಾಲೇಜಿನ ಫೀಸ್ ಎಷ್ಟು ಮಹಾ?

ಊಟಕ್ಕೆ ಕೂತಾಗ ಮಗಳು ಅವನಿಗೆ ಬುದ್ಧಿ ಹೇಳೋಕೆ ಶುರು ಮಾಡಿದಳು. "ಭಾವ, ಡಿಸೆಂಬರ್ ಎಕ್ಸಾಮ್ ಬರಿ. ಎರಡು ಸಬ್ಜೆಕ್ಟ್ ಆದ್ರೂ ಬರಿ." ಅವನು ಹೂಂ ಅಂದ, ತಟ್ಟೆಯಿಂದ ತಲೆ ಎತ್ತಲಿಲ್ಲ. ಕೈ ತೊಳೆದು ಬಂದು ನನ್ನ ಹತ್ತಿರ ಮೆಲ್ಲಗೆ, "ಸೇವಾ ನಿಧಿ ಬಂದ್ರೆ ಒಂದು ಜೆಸಿಬಿ ತಗೊಳ್ಳೋಣ ಅಂತಿದೀನಿ ಮಾವ. ನಿಮ್ಮ ಬ್ಯಾಂಕಲ್ಲಿ ಲೋನ್ ಆಗುತ್ತಾ?" ಅಂದ. ಹೊಸ ಜೆಸಿಬಿಗೆ ಅವನ ಸೇವಾ ನಿಧಿಯ ಮೂರರಷ್ಟಾದರೂ ಬೇಕು. ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಇಎಂಐ ಬರೆದು ತೋರಿಸಿದೆ. ಡೀಸೆಲ್ ಬೇರೆ, ಆಪರೇಟರ್ ಸಂಬಳ ಬೇರೆ, ಮಳೆಗಾಲದಲ್ಲಿ ಕೆಲಸ ಇರಲ್ಲ ಅಂತಲೂ ಹೇಳಿದೆ. ಹಾಳೆಯನ್ನೇ ಎರಡು ಸಲ ಮೇಲಿಂದ ಕೆಳಗೆ ಓದಿದ.

"ಹಳೇದು ತಗೊಂಡ್ರೆ ಎಷ್ಟಾಗುತ್ತೆ ಮಾವ?"